ಹೊಳಿ ಒಣಗಿದ್ದಾಗ

ಪಂಚಾಯ್ತಿಯವರು ಎರಡು ಡಬ್ಬಿ ಬಣ್ಣ ಕೊಟ್ಟಾರ,
ಒಂದು ಹಳದಿ, ಒಂದು ಕೆಂಪು,
ಮತ್ತ ಕೂದಲುದುರೂ ಒಂದು ಬ್ರಷ್ಷು.
ಮಲಪ್ರಭಿ ಈಗ ಹೊಳಿಯಲ್ಲ,
ಟ್ರ್ಯಾಕ್ಟರ್ ಹಾಯೂ ದಾರಿ;
ಅದರ ನಟ್ಟನಡುವ ಜಾಲಿ ನೆರಳಿಗೆ
ಆಡು ಮಲಗ್ಯಾವ.
ಇಂಥಾ ಬ್ಯಾಸಗ್ಯಾಗ ನಾನು
ಬಾಗಲಾ ಬಾಗಲಾ ತಟ್ಟಿ ಕೇಳತೀನಿ:
"ಯವ್ವಾ, ನಿಮ್ಮನ್ಯಾಗ ನೀರು ಎಲ್ಲೀತನಾ ಬಂದಿತ್ತು?"

ಒಬ್ಬಾಕಿ ತನ್ನ ಮೊಣಕಾಲು ತೋರಸ್ತಾಳ,
ಒಬ್ಬಾಕಿ ದೇವರ ಜಗಲಿ.
ನೀಲಗಂಗವ್ವ ಬಾಯಿ ಬಿಡಲಿಲ್ಲ.
ನನ್ನ ಕೈಯಾಗಿನ ಖಡು ಕಸಗೊಂಡು
ಜ್ವಾಳದ ಚೀಲ ಒಟ್ಟಿದ್ದ ಮೂಲ್ಯಾಗ
ತುದಿಗಾಲ ಮ್ಯಾಲ ನಿಂತು ಗೀಟು ಹಾಕಿದಳು.
"ಇನ್ನೂ ಗೇಣು ಮ್ಯಾಲ. ನನ್ನ ಕೈ ನಿಲಕೂದಿಲ್ಲ."
ಆಮ್ಯಾಲ ಎಷ್ಟೋ ಸಲ ಸುಣ್ಣಾ ಬಳದಾರ,
ಗ್ವಾಡಿ ಮರತೈತಿ.

ಸೋಮವಾರ ಮಸೂತಿ ಕಟ್ಟಿ ಮ್ಯಾಲ ಮೀಟಿಂಗು.
"ಡ್ಯಾಮಿನ ಗೇಟು ತಗದರ ನೀರು ಬರಾಕ ಎಷ್ಟು ತಾಸು?"
"ಎಂಟು" ಅಂದ ಕಲ್ಲನಗೌಡ.
"ಒಂದು ನಿದ್ದಿ" ಅಂದ ಹುಚ್ಚೀರಪ್ಪ ಅಂಬಿಗೇರ.
ಮಂದಿ ನಕ್ಕರು.
ಪಿಡಿಓ ಮೇಡಂ ನಗಲಿಲ್ಲ,
ಎರಡನೇದನ್ನ ಬರಕೊಂಡರು.

ಆಮ್ಯಾಲ ಯಾರನ್ನ ಯಾರು ಎತ್ತಬೇಕು ಅನ್ನೂ ಲೆಕ್ಕ.
"ಶ್ರಾವಣಕ್ಕ ಊರಾಗ ಹಡಿಯಾವರು ಎಷ್ಟು ಮಂದಿ?"
ಆಶಾ ಕಾರ್ಯಕರ್ತಿ ಬೆರಳು ಮಡಚಿ ಎಣಿಸಿದಳು,
ಐದನೇ ಬೆರಳಿಗೆ
ತನ್ನನ್ನೂ ಎಣಿಸಿಕೊಂಡಳು.
ಲಕ್ವಾ ಹೊಡದ ರೇವಣೆಪ್ಪನಿಗೆ
ಒಂದು ಹೊರಸು, ನಾಕು ಮಂದಿ.
ಮೂರು ಹೆಸರು ಸಿಕ್ಕವು. ನಾಕನೇದು
ಬಾಜೂ ಮನಿ ಸಣ್ಣಬಸಪ್ಪಂದು,
ರೇವಣೆಪ್ಪನ ಜೋಡಿ ಒಂದು ಬದುವಿನ ಸಲುವಾಗಿ
ಹನ್ನೆರಡು ವರ್ಷ ಕೋರ್ಟು ಹತ್ತಿದಾಂವ.
ಎಲ್ಲಾರೂ ನೆಲಾ ನೋಡಿದರು.
ಅಂವ ತಂಬಾಕ ತಿಕ್ಕಿದ, ತಿಕ್ಕಿದ,
ಕಡೀಕ ಅಂದ:
"ಹಿಡೀತೀನಿ. ತಲಿ ಕಡೆ ಬ್ಯಾಡ,
ಕಾಲ ಕಡೆ ಕೊಡ್ರಿ."

ಸಾಲಿ ಇರೂದು ದಿನ್ನಿ ಮ್ಯಾಲ,
ಸಾಲಿ ಕೀಲಿ ಇರೂದು ರೋಣದಾಗ, ಹೆಡ್‌ಮಾಸ್ತರ ಕಿಸೆದಾಗ.
ಇನ್ನೊಂದು ಕೀಲಿ ಮಾಡಿಸಿ ಅಲ್ಲಾಬಿಗೆ ಕೊಟ್ಟಿವಿ;
ಖಾನಾವಳಿಗೆ ರೊಟ್ಟಿ ಬಡಿಯಾಕ ಮೂರಕ್ಕ ಏಳತಾಳ,
ಊರಿಗೆಲ್ಲಾ ನಿದ್ದಿ ಇದ್ದಾಗ ಅಕಿ ಒಬ್ಬಾಕಿ ಎಚ್ಚರ.

ಸಾಲಿ ಹಿಂದ ಸರಕಾರ ಕಟ್ಟಿಸಿದ ಮನಿ ಸಾಲು.
ಕಿಡಕಿ ಇಲ್ಲ, ಬಾಗಲಾ ಇಲ್ಲ,
ಒಳಗ ಕಣಿಕಿ, ಹೊಟ್ಟು, ಒಂದರಾಗ ಈದ ನಾಯಿ.
"ಇಷ್ಟು ವರ್ಷ ಯಾಕ ಹೋಗಿಲ್ಲ ನೀವು?" ಮೇಡಂ ಕೇಳಿದರು.
ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿ ಅಂದರು:
"ಅಲ್ಲಿ ನೀರಿಲ್ಲರೀ."

ಇವತ್ತು ಕಡೀ ಮನಿ, ನಂದು.
ಬಾಗಲಾ ಚೌಕಟ್ಟಿಗೆ ಪೆನ್ಸಿಲ್ಲಿನ ಗೀಟು,
ಜೈನಾಬಿ ಒಂದನೇತ್ತ, ಜೈನಾಬಿ ಎರಡನೇತ್ತ,
ರಮಜಾನಕ್ಕೊಮ್ಮೆ ನಿಲ್ಲಿಸಿ ಅಳದದ್ದು.
ಅದರ ಬಾಜೂಕ ಹಳದಿ ಎಳದೆ:
ಇಲ್ಲಿಗೆ ಬಂದರ ಗಂಟು ಕಟ್ಟಬೇಕು.
ಕೆಂಪು ಎಳದೆ:
ಇಲ್ಲಿಗೆ ಬರೂದರಾಗ ಮನ್ಯಾಗ ಯಾರೂ ಇರಬಾರದು.
ಮಗಳು ಬಂದು ಬೆನ್ನು ಹಚ್ಚಿ ನಿಂತಳು,
ನೆತ್ತಿ ಮ್ಯಾಲ ಅಂಗೈ ಇಟ್ಟು
ಹೊಳ್ಳಿ ನೋಡಿ ನಕ್ಕಳು:
"ಅಪ್ಪಾ, ಇನ್ನ ನಾಕು ಬೆರಳು ಅಷ್ಟ.
ಮುಂದಿನ ವರ್ಷ ನಾ ಕೆಂಪು ಮುಟ್ಟತೀನಿ."

ಏನೋ ಹೇಳಬೇಕು ಅಂದುಕೊಂಡೆ.
"ಸರಿ ಆ ಕಡೆ, ಹಸೀ ಐತಿ" ಅಂದೆ.
ಹೊಳ್ಯಾಗ ಉಸುಕಿನ ಟ್ರ್ಯಾಕ್ಟರ್ ಹೋತು,
ಅದರ ಧೂಳು ಮ್ಯಾಲೆದ್ದು, ತಿರುಗಿ, ಓಣಿಗೆ ಬಂದು
ಕೆಂಪು ಗೆರಿಗೆ ಹತ್ತಿ ಕುಂತಿತು.